ಕರಿ ಯಾವ ಎತ್ತು ಹರೀತು?

ವಿಶ್ವಕಪ್ ಫುಟ್‌ಬಾಲಿನಲ್ಲಿ ನಾಕೌಟ್ ಪಂದ್ಯಗಳು ಶುರುವಾದವೆಂದರೆ ಸುರಪುರದ ನಮ್ಮ ಓಣಿಯ ಹುಡುಗರು ದಾರಿಯಲ್ಲಿ ನನ್ನನ್ನು ತಡೆದು ನಿಲ್ಲಿಸುತ್ತಾರೆ. "ಸರ, ಇವತ್ತ ಯಾರ್ ಗೆಲ್ತಾರ್ರಿ? ಒಂದ್ ಹೆಸರ್ ಹೇಳ್ರಿ." ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ಆದರೂ ಆ ಪ್ರಶ್ನೆ ಕೇಳಿದಾಗ ನನಗೆ ಖುಷಿಯಾಗುತ್ತದೆ. ಭೀಮಾ, ಕೃಷ್ಣಾ ಎರಡು ನದಿಗಳ ನಡುವಿನ ಈ ಸೀಮೆಯಲ್ಲಿ ಜನ ನೂರಾರು ವರ್ಷಗಳಿಂದ ಕೇಳಿಕೊಂಡು ಬಂದ ಪ್ರಶ್ನೆಯೇ ಅದು. ಮಳೆ ಬಂದೀತೇ, ಯಾವ ಬೆಳೆ ಕೈ ಹಿಡಿದೀತು, ಕೋಟೆ ಉಳಿದೀತೇ, ರಾಜ ಬದುಕಿಯಾನೇ ಎಂದು ಕೇಳುತ್ತಿದ್ದರು. ಒಮ್ಮೆ ಸೋತರೆ ಮತ್ತೆ ಆಡಲು ಅವಕಾಶವಿಲ್ಲದ ಸಂಗತಿಗಳು ಇವೆಲ್ಲ.

ನಮ್ಮ ಭಾಗದ ಭವಿಷ್ಯಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಪ್ರೀತಿಯಿರುವುದು ಕಾರಹುಣ್ಣಿಮೆಯ ಕರಿಯ ಮೇಲೆ. ಅಲ್ಲಿ ಆಟದ ಫಲವನ್ನು ಯಾರೂ ಮೊದಲೇ ಹೇಳುವುದಿಲ್ಲ, ಆಟದ ಫಲವೇ ವರ್ಷದ ಭವಿಷ್ಯವಾಗುತ್ತದೆ. ಜ್ಯೇಷ್ಠದ ಹುಣ್ಣಿಮೆಗೆ ಮುಂಚೆ ಒಂದೆರಡು ಮಳೆ ಬಿದ್ದು ಭೂಮಿ ಹದವಾಗಿರುತ್ತದೆ. ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಬೆಳಿಗ್ಗೆ ಹಳ್ಳದಲ್ಲಿ ಮೈ ತೊಳೆಸಿ, ಕೋಡಿಗೆ ಬಣ್ಣ ಬಳಿದು, ಮೈಗೆ ಹುರಮಂಜಿಯ ಚಿತ್ತಾರ ಬರೆದು, ಕೊರಳಿಗೆ ಗೆಜ್ಜೆ, ಕೋಡಿಗೆ ಗೊಂಡೆ ಕಟ್ಟುತ್ತಿದ್ದರು. ನಮ್ಮ ಮುತ್ಯಾ ಗೊಟ್ಟದಲ್ಲಿ ಎಣ್ಣೆ ತುಂಬಿ ಎತ್ತಿಗೆ ಕುಡಿಸುವಾಗ ಮಕ್ಕಳು ಯಾರೂ ಮಾತಾಡುವಂತಿರಲಿಲ್ಲ. ಮನೆಯಲ್ಲಿ ಹೋಳಿಗೆ, ಕರ್ಚಿಕಾಯಿ. ಎತ್ತಿನ ಕೋಡಿಗೆ ಕೋಡಬಳೆ.

ಸಂಜೆ ಊರ ಅಗಸಿಗೆ ಬೇವಿನ ತೊಪ್ಪಲಿನ ಹಗ್ಗ, ಅದೇ ಕರಿ, ಅಡ್ಡ ಕಟ್ಟುತ್ತಾರೆ. ಎತ್ತುಗಳನ್ನು ದೂರದಿಂದ ಓಡಿಸಿಕೊಂಡು ಬರುತ್ತಾರೆ. ಮೊದಲು ಅಗಸಿ ದಾಟಿ ಕರಿ ಹರಿದ ಎತ್ತಿನ ಬಣ್ಣ ನೋಡಿ ವರ್ಷದ ಮಾತು ಹೇಳುತ್ತಾರೆ. ಕೆಂದೆತ್ತು ಹರಿದರೆ ಮುಂಗಾರಿ ಚಲೋ, ಸಜ್ಜೆ, ಹೆಸರು, ತೊಗರಿ ಕೈ ಹಿಡಿಯುತ್ತವೆ. ಬಿಳಿ ಎತ್ತು ಹರಿದರೆ ಹಿಂಗಾರಿ ಚಲೋ, ಬಿಳಿಜೋಳ, ಕಡಲೆ, ಕುಸುಬಿ ಮನೆ ತುಂಬುತ್ತವೆ. ಆ ರಾತ್ರಿ ಊರಿಂದೂರಿಗೆ ಹೋಗುವ ಸುದ್ದಿ ಒಂದೇ: "ನಿಮ್ಮೂರಾಗ ಕರಿ ಯಾವ ಎತ್ತು ಹರೀತು?"

ಇದನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೆಂದೆತ್ತು ಗೆದ್ದಿತೆಂದು ನಮ್ಮ ಮುತ್ಯಾ ಎಂದೂ ಇಡೀ ಹೊಲಕ್ಕೆ ಮುಂಗಾರಿ ಬಿತ್ತಿದವನಲ್ಲ. ಎರಿ ಹೊಲವನ್ನು ಹಿಂಗಾರಿ ಜೋಳಕ್ಕೆಂದು ಬಿಟ್ಟೇ ಇರುತ್ತಿದ್ದ. ಕರಿಯ ಫಲ ಕೇಳಿ ಧೈರ್ಯ ತಗೊಳ್ಳುವುದು, ಬಿತ್ತನೆಯನ್ನು ಮಾತ್ರ ನೆಲ ನೋಡಿ ನಿರ್ಧರಿಸುವುದು. ಮುಖ್ಯವಾದ ಮಾತೆಂದರೆ ಆ ಭವಿಷ್ಯ ಇಡೀ ಊರಿನ ಕಣ್ಣೆದುರಿಗೆ, ಎಲ್ಲ ಜಾತಿಯವರೂ ನಿಂತು ನೋಡುವಾಗ ಹುಟ್ಟುತ್ತಿತ್ತು. ಯಾರೊಬ್ಬರ ಕಿವಿಯಲ್ಲೂ ಗುಟ್ಟಾಗಿ ಉಳಿಯುತ್ತಿರಲಿಲ್ಲ.

ನಾರಾಯಣಪುರದ ಆಣೆಕಟ್ಟು, ಈಗಿನ ಬಸವಸಾಗರ, 1982ರಲ್ಲಿ ಮುಗಿದ ಮೇಲೆ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ಬಂತು. ಭೀಮರಾಯನಗುಡಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳೆದ್ದವು. ಜೋಳದ ಹೊಲ ಭತ್ತದ ಗದ್ದೆಯಾಯಿತು. ಕಾಲುವೆಯ ಊರುಗಳಲ್ಲಿ ಈಗ ಕೇಳುವ ಭವಿಷ್ಯ ಬೇರೆ: ಕಾಲುವೆಗೆ ನೀರು ಎಂದು ಬಿಡುತ್ತಾರೆ, ಎರಡನೇ ಬೆಳೆಗೆ ಸಿಗುತ್ತದೋ ಇಲ್ಲವೋ. ಅದಕ್ಕೆ ಉತ್ತರ ಹೇಳುವುದು ನೀರಾವರಿ ಸಲಹಾ ಸಮಿತಿಯ ಸಭೆ. ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದವು, ಕರಿ ಹರಿಯುವ ಊರುಗಳೂ ಕಡಿಮೆಯಾದವು.

ಕೊಡೇಕಲ್ಲಿನದು ಇನ್ನೊಂದು ಬಗೆಯ ಭವಿಷ್ಯ. ಮೊದಲು ಸುರಪುರ ತಾಲ್ಲೂಕಿನಲ್ಲಿದ್ದು ಈಗ ಹುಣಸಗಿಗೆ ಸೇರಿರುವ ಆ ಊರಿನ ಬಸವಣ್ಣ 16ನೇ ಶತಮಾನದವರು, ಕಾಲಜ್ಞಾನಕ್ಕೆ ಹೆಸರಾದವರು. ಹಿಂದೂ–ಮುಸ್ಲಿಂ ಎರಡೂ ಆಚರಣೆಗಳು ಕೂಡಿಕೊಂಡಿರುವ ಆ ಮಠದ ಮೇಲೆ ನನಗೆ ಬಹಳ ಗೌರವವಿದೆ. ಆದರೆ ಕಾಲಜ್ಞಾನಕ್ಕೆ ತಾರೀಖಿಲ್ಲ. ನಡೆದ ಮೇಲೆ ಹಿಂತಿರುಗಿ ನೋಡಿ, ಇದನ್ನೇ ಅವರು ಹೇಳಿದ್ದು ಎಂದು ಹೊಂದಿಸಿಕೊಳ್ಳುತ್ತೇವೆ. ಹೂವಿನಹಡಗಲಿ ಕಡೆಯ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದು ಜನರನ್ನು ಸುಮ್ಮನಾಗಿಸಿ ನುಡಿಯುವ ಒಂದು ಸಾಲಿನ ಕಾರಣಿಕವೂ ಹಾಗೆಯೇ. ಅದೇ ಸಾಲನ್ನು ರೈತ ಮಳೆಗೆ ಹೊಂದಿಸುತ್ತಾನೆ, ರಾಜಕಾರಣಿ ಕುರ್ಚಿಗೆ ಹೊಂದಿಸುತ್ತಾನೆ.

ಹುಡುಗರ ಪ್ರಶ್ನೆಯನ್ನೇ, ಯಾರು ಗೆಲ್ಲುತ್ತಾರೆ ಎಂದು, 1705ರಲ್ಲಿ ಸುರಪುರದ ಹತ್ತಿರದ ವಾಗಿಣಗೇರಿ ಕೋಟೆಯ ಮುಂದೆ ನಿಂತು ಕೇಳಿದ್ದರೆ ಯಾವ ಲೆಕ್ಕಿಗನಾದರೂ ಔರಂಗಜೇಬನ ಹೆಸರನ್ನೇ ಹೇಳುತ್ತಿದ್ದ. ಸಾಮ್ರಾಜ್ಯದ ಸೈನ್ಯ ಒಂದು ಕಡೆ. ಇನ್ನೊಂದು ಕಡೆ ಬೇಡರ ಪಿಡ್ಡನಾಯಕ ಮತ್ತು ಅವನಿಗೆ ನೆರವಾಗಿ ಬಂದ ಮರಾಠರು. ಲೆಕ್ಕ ನಿಜವಾಯಿತು, ಕೋಟೆ ಬಾದಶಹನ ಕೈಸೇರಿತು. ಪಿಡ್ಡನಾಯಕ ಮಾತ್ರ ಕೈಗೆ ಸಿಗಲಿಲ್ಲ. ಎಂಬತ್ತಾರು ವರ್ಷದ ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು; 1707ರಲ್ಲಿ ಅಹಮದ್‌ನಗರದಲ್ಲಿ ತೀರಿಹೋದ. ಸೋತ ನಾಯಕರ ವಂಶ ಸುರಪುರದಲ್ಲಿ ಮತ್ತೆ ನೂರೈವತ್ತು ವರ್ಷ ಆಳಿತು.

ಆ ಆಳ್ವಿಕೆಯ ಕೊನೆಯ ಪುಟದಲ್ಲೊಂದು ಜಾತಕವಿದೆ. ರಾಜಾ ವೆಂಕಟಪ್ಪನಾಯಕ ಚಿಕ್ಕ ಹುಡುಗನಾಗಿದ್ದಾಗ ತಂದೆ ಕೃಷ್ಣಪ್ಪನಾಯಕ ತೀರಿಕೊಂಡರು. ಸಂಸ್ಥಾನದ ಆಡಳಿತ ನೋಡಲು ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಬಂದ. 'ಕನ್ಫೆಷನ್ಸ್ ಆಫ್ ಎ ಥಗ್' ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದವನು. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್, ಇಂದಿಗೂ ಇದೆ. ಎಳೆಯ ರಾಜ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಟೇಲರ್ ತೀರಿಹೋದ ಮೇಲೆ 1877ರಲ್ಲಿ ಪ್ರಕಟವಾದ ಅವನ ಆತ್ಮಕಥೆಯಲ್ಲಿ ಈ ಜಾತಕದ ಸಂಗತಿ ಬರುತ್ತದೆ. ರಾಜಕುಮಾರ ಹುಟ್ಟಿದಾಗ ಜೋಯಿಸರು ಬರೆದ ಜಾತಕದಲ್ಲಿ ಇಪ್ಪತ್ನಾಲ್ಕನೆಯ ವರ್ಷದಲ್ಲಿ ಸಾವು ಎಂದಿತ್ತು. ಅರಮನೆಯ ಕೆಲವೇ ಮಂದಿಗೆ ಗೊತ್ತಿದ್ದ ಆ ಗುಟ್ಟು ಟೇಲರನಿಗೂ ತಿಳಿಯಿತು.

1853ರಲ್ಲಿ ರಾಜ ವಯಸ್ಸಿಗೆ ಬಂದು ಅಧಿಕಾರ ವಹಿಸಿಕೊಂಡ, ಟೇಲರ್ ಸುರಪುರ ಬಿಟ್ಟ. 1858ರ ಫೆಬ್ರವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ಬ್ರಿಟಿಷರ ಕ್ಯಾಪ್ಟನ್ ನ್ಯೂಬೆರಿ ಇಲ್ಲೇ ಸತ್ತ. ರಾಜ ಹೈದರಾಬಾದಿಗೆ ಹೋದ, ಅಲ್ಲಿ ಸೆರೆಸಿಕ್ಕ. ಗಲ್ಲು ಶಿಕ್ಷೆಯಾಯಿತು. ಆಮೇಲೆ ಅದು ಕರಿನೀರಿಗೆ ಇಳಿಯಿತು. ಕೊನೆಗೆ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ ಎಂದು ತೀರ್ಮಾನವಾಯಿತು. ಜಾತಕ ಸುಳ್ಳಾಯಿತೆಂದು ಉಸಿರು ಬಿಡುವ ಹೊತ್ತು ಅದು. ಹೈದರಾಬಾದಿನಿಂದ ಹೊರಟ ದಾರಿಯಲ್ಲಿ ಗುಂಡು ಹಾರಿ ರಾಜ ಸತ್ತ. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡ ಎಂದು ಟೇಲರ್ ಬರೆಯುತ್ತಾನೆ. ನಮ್ಮೂರಲ್ಲಿ ಈ ಮಾತನ್ನು ಒಪ್ಪದವರಿದ್ದಾರೆ. ರಾಜನನ್ನು ಕೊಂದರು ಎನ್ನುತ್ತಾರೆ. 1860ರಲ್ಲಿ ಸುರಪುರವನ್ನು ನಿಜಾಮನಿಗೆ ಕೊಟ್ಟರು.

ಈ ಕಥೆ ಕೇಳಿದ ಹುಡುಗರು "ಅಂದ್ರ ಜಾತಕ ಖರೇ ಆತಲ್ಲ್ರೀ ಸರ" ಅನ್ನುತ್ತಾರೆ. ನನಗೆ ಕಾಡುವುದು ಬೇರೆ. ತಂದೆಯಿಲ್ಲದ ಒಂದು ಮಗುವನ್ನು, ಇವನು ಇಪ್ಪತ್ನಾಲ್ಕು ದಾಟುವುದಿಲ್ಲ ಎಂದುಕೊಂಡ ದೊಡ್ಡವರು ನೋಡುವ ರೀತಿಯೇ ಬೇರೆಯಾಗಿರುತ್ತದೆ. ಕರಿಯ ಭವಿಷ್ಯ ಊರಿಗೆ ಧೈರ್ಯ ಕೊಡುತ್ತಿತ್ತು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಈ ಭವಿಷ್ಯ ಒಂದು ಅರಮನೆಯ ಎದೆಗೆ ಭಾರವಾಗಿ ಕೂತಿತ್ತು. ಅದನ್ನು ಬರೆದ ಜೋಯಿಸರನ್ನು ನಾನು ಮೆಚ್ಚಲಾರೆ.

ಟೇಲರನಿಗೆ ಭವಿಷ್ಯಗಳ ಮೇಲೆ ದೊಡ್ಡ ಆಸಕ್ತಿ. 1757ರ ಪ್ಲಾಸಿ ಕದನದಿಂದ ನೂರು ವರ್ಷಕ್ಕೆ ಕಂಪನಿ ಆಳ್ವಿಕೆ ಮುಗಿಯುತ್ತದೆ ಎಂಬ ಮಾತು ಆಗ ದೇಶದಲ್ಲೆಲ್ಲ ಹರಡಿತ್ತು. ಅದನ್ನವನು 1872ರ 'ಸೀತಾ' ಕಾದಂಬರಿಯಲ್ಲಿ ಬಳಸಿಕೊಂಡ. 1858ರಲ್ಲಿ ಕಂಪನಿ ಆಳ್ವಿಕೆ ಮುಗಿದದ್ದೂ ನಿಜ, ಆದರೆ ಅಧಿಕಾರ ಹೋದದ್ದು ರಾಣಿ ವಿಕ್ಟೋರಿಯಾಳ ಕೈಗೆ. ಭವಿಷ್ಯ ನಂಬಿ ಎದ್ದವರಿಗೆ ಸಿಕ್ಕಿದ್ದು ಗಲ್ಲು.

ಈಗ ಹುಡುಗರ ಫುಟ್‌ಬಾಲಿಗೆ ಬರುತ್ತೇನೆ. 2010ರಲ್ಲಿ ಜರ್ಮನಿಯ ಓಬರ್‌ಹೌಸನ್‌ನ ಪೌಲ್ ಎಂಬ ಆಕ್ಟೋಪಸ್ ಎಂಟಕ್ಕೆ ಎಂಟು ಪಂದ್ಯಗಳ ಫಲ ಸರಿಯಾಗಿ ತೋರಿಸಿತು. ನಾಣ್ಯ ಚಿಮ್ಮಿದರೆ ಹಾಗಾಗುವ ಸಂಭವ 256ರಲ್ಲಿ ಒಂದು. ಅದೇ ಪೌಲ್ 2008ರ ಯೂರೋ ಕಪ್‌ನಲ್ಲಿ ಆರರಲ್ಲಿ ಎರಡು ತಪ್ಪಿತ್ತು ಎಂಬುದನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ಲೆಕ್ಕದ ದಾರಿ ತೋರಿಸಿದವರು ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬಾಳಿದ ಭೌತಶಾಸ್ತ್ರಜ್ಞ ಅರ್ಪಾದ್ ಎಲೊ. ಚೆಸ್ ಆಟಗಾರರಿಗಾಗಿ ಅವರು ಮಾಡಿದ ಅಂಕಪದ್ಧತಿಯನ್ನೇ 2018ರಲ್ಲಿ ಫಿಫಾ ತನ್ನ ರ‍್ಯಾಂಕಿಂಗಿಗೆ ಹೊಂದಿಸಿಕೊಂಡಿತು. ಎಲೊ ಪದ್ಧತಿಯಲ್ಲಿ ನೂರು ಅಂಕ ಮುಂದಿರುವ ತಂಡ ಗೆಲ್ಲುವ ಸಂಭವ ನೂರಕ್ಕೆ ಸುಮಾರು 64. ಅಂಥ ತಂಡ ಹದಿನಾರರ ಘಟ್ಟದಿಂದ ನಾಲ್ಕೂ ಪಂದ್ಯ ಸಾಲಾಗಿ ಗೆಲ್ಲಬೇಕಾದರೆ? 0.64ನ್ನು ನಾಲ್ಕು ಸಲ ಗುಣಿಸಿ ನೋಡಿ, ನೂರಕ್ಕೆ 17ರ ಹತ್ತಿರ ಬರುತ್ತದೆ. ಪ್ರತಿ ಪಂದ್ಯದಲ್ಲೂ ಬಲಶಾಲಿಯಾದ ತಂಡವೇ ಕಪ್ ಕಳೆದುಕೊಳ್ಳುವ ಸಂಭವ ಹೆಚ್ಚು. ಆದ್ದರಿಂದಲೇ 2022ರಲ್ಲಿ ಬ್ರೆಜಿಲ್ ಕ್ರೊಯೇಷ್ಯಾದೆದುರು ಪೆನಾಲ್ಟಿಯಲ್ಲಿ ಸೋತಾಗ, ಮೊರಾಕ್ಕೊ ಸ್ಪೇನನ್ನೂ ಪೋರ್ಚುಗಲ್ಲನ್ನೂ ಮನೆಗೆ ಕಳಿಸಿ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ದೇಶವಾದಾಗ ಲೆಕ್ಕವೇನೂ ಕೆಟ್ಟಿರಲಿಲ್ಲ. ಹದಿನಾರು ತಂಡಗಳಿಂದ ಕಪ್‌ನವರೆಗೆ ಹದಿನೈದು ಪಂದ್ಯ. ಅವುಗಳ ಫಲ ಬರಬಹುದಾದ ದಾರಿಗಳು 32,768.

ಒಂದು ಮಾತಿಗೆ ಮಾತ್ರ ನಾನು ಹುಡುಗರ ಜೊತೆ ಜಗಳಕ್ಕೇ ನಿಲ್ಲುತ್ತೇನೆ. ಯಾರು ಗೆಲ್ಲುತ್ತಾರೆ ಎಂಬುದರ ಮೇಲೆ ದುಡ್ಡು ಕಟ್ಟಬೇಡಿ. ಮಟಕಾ ಜೂಜು ಶುರುವಾದದ್ದು ಮುಂಬೈಯಲ್ಲಿ, ನ್ಯೂಯಾರ್ಕಿನ ಹತ್ತಿಯ ದರ ಎಷ್ಟಕ್ಕೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ ಎಂದು ಹೇಳುವ ಆಟವಾಗಿ. ಹತ್ತಿ ಬೆಳೆಯುವ ನಮ್ಮ ಸೀಮೆಯ ಎಷ್ಟೋ ಮನೆಗಳ ಹತ್ತಿಯ ದುಡ್ಡು ಅದಕ್ಕೇ ಹೋಯಿತು. ಈಗ ಅದು ಮೊಬೈಲಿನೊಳಗೆ ಬಂದು ಕೂತಿದೆ.

ದುಡ್ಡಿನ ಬದಲು ಒಂದು ನೋಟ್‌ಬುಕ್ ಇಡಿ. ಪಂದ್ಯಕ್ಕೆ ಮುಂಚೆಯೇ ತಾರೀಖು ಹಾಕಿ ನಿಮ್ಮ ಅಂದಾಜು ಬರೆಯಿರಿ, ತಪ್ಪಿದ್ದನ್ನೂ ಅಳಿಸಬೇಡಿ. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳ ಓದಿದ ಹುಡುಗ ಹುಡುಗಿಯರಲ್ಲಿ ಇನ್ನೊಂದು ವಿನಂತಿ. ನಿಮ್ಮೂರಲ್ಲಿ ಯಾವ ವರ್ಷ ಕರಿ ಯಾವ ಎತ್ತು ಹರಿಯಿತು ಎಂಬುದು ನೆನಪಿರುವ ಮುತ್ಯಾ, ಅಮ್ಮಂದಿರು ಇನ್ನೂ ಇದ್ದಾರೆ. ಈ ಕಾರಹುಣ್ಣಿಮೆಗೆ ಅವರ ಹತ್ತಿರ ಕೂತು ಅದನ್ನು ಬರೆದುಕೊಳ್ಳಿ. ಹೋಬಳಿವಾರು ಮಳೆಯ ಲೆಕ್ಕ ಸರ್ಕಾರದ ಹತ್ತಿರ ಇದೆ. ಎರಡನ್ನೂ ಒಂದೇ ಹಾಳೆಯಲ್ಲಿ ಎದುರುಬದುರು ಬರೆಯಿರಿ. ಬರೆದಾದ ಮೇಲೆ ಶಾಲೆಗೋ ಗ್ರಂಥಾಲಯಕ್ಕೋ ಒಂದು ಪ್ರತಿ ಕೊಡುವುದನ್ನು ಮರೆಯಬೇಡಿ.