ಮೀಟರ್ ಯಾರ ಮನೆಯಲ್ಲಿದೆ?

75 ಸೆಂಟ್. ಅವತ್ತಿನ ನಮ್ಮ ಲೆಕ್ಕದಲ್ಲಿ ಒಂಬತ್ತು ಹತ್ತು ರೂಪಾಯಿ. ಇಷ್ಟು ಸಣ್ಣ ವ್ಯತ್ಯಾಸ ಒಂದು ಅಂತರರಾಷ್ಟ್ರೀಯ ಬೇಹುಗಾರಿಕೆ ಜಾಲವನ್ನು ಹಿಡಿದುಕೊಟ್ಟಿತು ಅಂದ್ರೆ ನಂಬ್ತೀರಾ? ನಂಬಲೇಬೇಕು, ಯಾಕಂದ್ರೆ ಇದು ನಡೆದದ್ದು.

1986. ಅಮೆರಿಕದ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ. ಅಲ್ಲಿನ ಕಂಪ್ಯೂಟರ್‌ಗಳನ್ನು ಯಾರು ಎಷ್ಟು ಹೊತ್ತು ಬಳಸಿದರು ಅಂತ ಲೆಕ್ಕ ಇಟ್ಟು, ಆಯಾ ವಿಭಾಗಕ್ಕೆ ಬಿಲ್ ಕಳಿಸುತ್ತಿದ್ದರು. ಲೆಕ್ಕ ಇಡೋಕೆ ಎರಡು ಪ್ರೋಗ್ರಾಂಗಳಿದ್ದವು. ಒಂದು ಕಂಪ್ಯೂಟರ್ ಜೊತೆಗೇ ಬಂದದ್ದು, ಇನ್ನೊಂದು ಪ್ರಯೋಗಾಲಯದವರೇ ಬರೆದುಕೊಂಡದ್ದು. ತಿಂಗಳ ಕೊನೆಯಲ್ಲಿ ಎರಡೂ ತಾಳೆಯಾಗಬೇಕಿತ್ತು. ಆಗಲಿಲ್ಲ. 75 ಸೆಂಟ್ ವ್ಯತ್ಯಾಸ ಬಂತು. ಇದು ಯಾಕೆ ಅಂತ ನೋಡು ಅಂತ ಕ್ಲಿಫರ್ಡ್ ಸ್ಟಾಲ್ ಎಂಬಾತನಿಗೆ ಹೇಳಿದರು. ಆತ ಓದಿದ್ದು ಖಗೋಳಶಾಸ್ತ್ರ, ಕಂಪ್ಯೂಟರ್ ವಿಭಾಗಕ್ಕೆ ಹೊಸಬ.

ಬೇರೆಯವರಾಗಿದ್ದರೆ ಏನು ಮಾಡ್ತಿದ್ದರು? ಚಿಲ್ಲರೆ ಬಿಡಿ ಅಂತ ತಳ್ಳಿಹಾಕ್ತಿದ್ದರು. ಸ್ಟಾಲ್ ತಳ್ಳಿಹಾಕಲಿಲ್ಲ. ಹುಡುಕಿದ. ಯಾರೋ ಒಬ್ಬ ಒಂಬತ್ತು ಸೆಕೆಂಡ್ ಕಂಪ್ಯೂಟರ್ ಬಳಸಿದ್ದಾನೆ, ಆದರೆ ಅವನ ಹೆಸರಿಗೆ ಬಿಲ್ ಕಳಿಸೋಕೆ ವಿಳಾಸವೇ ಇಲ್ಲ! ಆ ಎಳೆ ಹಿಡಿದು ತಿಂಗಳುಗಟ್ಟಲೆ ಬೆನ್ನುಹತ್ತಿದ. ಕೊನೆಗೆ ಅದು ಹೋಗಿ ನಿಂತದ್ದು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದ ಮಾರ್ಕಸ್ ಹೆಸ್ ಎಂಬ ಹ್ಯಾಕರ್ ಬಾಗಿಲಲ್ಲಿ. ಅಮೆರಿಕದ ಮಿಲಿಟರಿ ಕಂಪ್ಯೂಟರ್‌ಗಳಿಗೆ ಕನ್ನ ಹಾಕಿ, ಸಿಕ್ಕ ಮಾಹಿತಿಯನ್ನು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರುತ್ತಿದ್ದ ಗುಂಪು ಅದು.

ಕಥೆ ರೋಚಕ, ಸರಿ. ಇವತ್ತು ಇದನ್ನು ಹೇಳ್ತಿರೋದು ಬೇಹುಗಾರರ ಸಲುವಾಗಿ ಅಲ್ಲ. ಈ ಕಥೆಯಲ್ಲಿ ಕಳ್ಳನನ್ನು ಹಿಡಿದದ್ದು ಪೊಲೀಸ್ ಅಲ್ಲ, ಎರಡು ಲೆಕ್ಕದ ಪುಸ್ತಕ. ಒಂದೇ ಪುಸ್ತಕ ಇದ್ದಿದ್ದರೆ? ವ್ಯತ್ಯಾಸವೇ ಕಾಣುತ್ತಿರಲಿಲ್ಲ.

ನಮ್ಮ ಮನೆಗಳಲ್ಲಿ ಇದು ಹೊಸದೇನಲ್ಲ ನೋಡಿ. ಹಾಲಿನ ವರ್ತನೆ ಇದ್ದ ಮನೆಯಲ್ಲಿ ಅಡುಗೆಮನೆ ಕ್ಯಾಲೆಂಡರ್ ಮೇಲೆ ದಿನಕ್ಕೊಂದು ಗುರುತು ಬೀಳುತ್ತಿತ್ತು. ಹಾಲಿನವನ ಹತ್ತಿರವೂ ಒಂದು ಪುಸ್ತಕ ಇರುತ್ತಿತ್ತು. ತಿಂಗಳ ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದು. "ಹದಿನೇಳನೇ ತಾರೀಕು ನಾವು ಊರಲ್ಲಿರಲಿಲ್ಲ ಕಣಪ್ಪ" ಅಂದ್ರೆ ಅವನು ಹೊಡೆದುಹಾಕ್ತಿದ್ದ. ವಿಶ್ವಾಸ ಅಂದ್ರೆ ಲೆಕ್ಕ ಇಡದೇ ಇರೋದಲ್ಲ. ಇಬ್ಬರೂ ಲೆಕ್ಕ ಇಟ್ಟು, ಇಬ್ಬರದೂ ಒಂದೇ ಆಗೋದು.

ಈಗ ಒಂದು ಪ್ರಶ್ನೆ. ಇವತ್ತು ನಮ್ಮ ಬ್ಯಾಂಕು, ನಮ್ಮ ಫುಡ್ ಡೆಲಿವರಿ, ನಮ್ಮ ಮಕ್ಕಳ ಆನ್‌ಲೈನ್ ಪಾಠ ಎಲ್ಲವೂ ಕ್ಲೌಡ್ ಎಂಬ ಬಾಡಿಗೆ ಕಂಪ್ಯೂಟರ್‌ಗಳ ಮೇಲೆ ನಿಂತಿವೆ. ಬಳಸಿದಷ್ಟಕ್ಕೆ ದುಡ್ಡು, ಪ್ಯಾಕೇಜ್ ಮೀರಿದರೆ ಹೆಚ್ಚುವರಿ ದುಡ್ಡು. ಎಷ್ಟು ಬಳಸಿದರು ಅಂತ ಹೇಳೋರು ಯಾರು? ಆ ಮೀಟರ್ ಯಾರ ಮನೆಯಲ್ಲಿದೆ? ಉತ್ತರಕ್ಕೆ ಸ್ವಲ್ಪ ಇತಿಹಾಸಕ್ಕೆ ಹೋಗೋಣ.

1882ರ ಸೆಪ್ಟೆಂಬರ್ 4. ನ್ಯೂಯಾರ್ಕ್‌ನ ಪರ್ಲ್ ಸ್ಟ್ರೀಟ್‌ನಲ್ಲಿ ಥಾಮಸ್ ಎಡಿಸನ್ ವಿದ್ಯುತ್ ಕೇಂದ್ರ ಶುರು ಮಾಡಿದ. ದೀಪಗಳು ಬೆಳಗಿದವು. ಆದರೆ ಬಿಲ್? ಮೊದಲ ಕೆಲವು ತಿಂಗಳು ಬಿಲ್ಲೇ ಇಲ್ಲ! ಯಾಕಂದ್ರೆ ಅಳೆಯೋ ಸಾಧನ ಇನ್ನೂ ಭರವಸೆ ಇಡುವಷ್ಟು ಸರಿಯಾಗಿರಲಿಲ್ಲ. ಆಮೇಲೆ ಬಂದ ಮೀಟರ್ ಹೇಗಿತ್ತು ಗೊತ್ತಾ? ಒಂದು ಗಾಜಿನ ಪಾತ್ರೆ, ಅದರಲ್ಲಿ ಸತುವಿನ ಲವಣದ ದ್ರಾವಣ, ಮುಳುಗಿಸಿಟ್ಟ ಎರಡು ಸತುವಿನ ಪಟ್ಟಿ. ಕರೆಂಟ್ ಹರಿದಷ್ಟೂ ಒಂದು ಪಟ್ಟಿಯ ಸತು ಇನ್ನೊಂದಕ್ಕೆ ಹೋಗಿ ಅಂಟುತ್ತೆ. ಕಂಪನಿಯವರು ಬಂದು ಪಟ್ಟಿಗಳನ್ನು ಬಿಚ್ಚಿಕೊಂಡು ಹೋಗಿ, ತಕ್ಕಡಿಯಲ್ಲಿ ತೂಗಿ, ಬಿಲ್ ಮಾಡೋರು. ಚಳಿಗಾಲದಲ್ಲಿ ದ್ರಾವಣ ಹೆಪ್ಪುಗಟ್ಟದಿರಲಿ ಅಂತ ಮೀಟರ್ ಪೆಟ್ಟಿಗೆಯೊಳಗೇ ಒಂದು ಬಲ್ಬ್ ಉರಿಸೋರು.

ಗಮನಿಸಿ. ಮೀಟರ್ ಇದ್ದದ್ದು ಗ್ರಾಹಕನ ಮನೆಯಲ್ಲಿ. ಆದರೆ ತಕ್ಕಡಿ ಇದ್ದದ್ದು ಕಂಪನಿಯ ಮನೆಯಲ್ಲಿ. ಗ್ರಾಹಕನಿಗೆ ಅದನ್ನು ಓದೋ ದಾರಿಯೇ ಇಲ್ಲ. ತಿರುಗುವ ಚಕ್ರ, ಅಂಕಿ ತೋರಿಸುವ ಮುಖಫಲಕ ಇರುವ ಮೀಟರ್‌ಗಳು ಬಂದದ್ದು 1880ರ ದಶಕದ ಕೊನೆಯಲ್ಲಿ. ಅಮೆರಿಕದಲ್ಲಿ ಶಾಲೆನ್‌ಬರ್ಗರ್, ಬುಡಾಪೆಸ್ಟ್‌ನಲ್ಲಿ ಬ್ಲಾತಿ. ಅಲ್ಲಿಂದ ಮುಂದೆ ಮನೆಯೊಡತಿಯೂ ಮೀಟರ್ ಓದಬಲ್ಲವಳಾದಳು. ದೊಡ್ಡ ಬದಲಾವಣೆ ಅದು. ಒಂದೇ ಅಂಕಿಯನ್ನು ಮಾರುವವನೂ ನೋಡ್ತಾನೆ, ಕೊಳ್ಳುವವನೂ ನೋಡ್ತಾನೆ.

ಟೆಲಿಫೋನ್ ಕಥೆ ಉಲ್ಟಾ ಆಯ್ತು. ಫೋನ್ ಮನೆಯಲ್ಲಿ, ಮೀಟರ್ ಎಕ್ಸ್‌ಚೇಂಜ್‌ನಲ್ಲಿ. ಕರೆ ಮಾಡಿದ ಹಾಗೆಲ್ಲ ಅಲ್ಲಿನ ಎಣಿಕೆ ಚಕ್ರ ಒಂದೊಂದು ಅಂಕಿ ಮುಂದೆ ಹೋಗ್ತಿತ್ತು. ಸಾಲುಸಾಲಾಗಿ ಜೋಡಿಸಿದ ಆ ಮೀಟರ್‌ಗಳ ಫೋಟೊ ತೆಗೆದು, ಹಿಂದಿನ ಅಂಕಿ ಕಳೆದು ಬಿಲ್. ನಮ್ಮ ದೇಶದಲ್ಲಿ 1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ಎಸ್‌ಟಿಡಿ ಶುರುವಾಯ್ತು. ಎಸ್‌ಟಿಡಿ ಹಬ್ಬಿದಂತೆ ಜಗಳವೂ ಹಬ್ಬಿತು. ಬಿಲ್‌ನಲ್ಲಿ ಇರೋದು ಒಟ್ಟು ಕಾಲ್ ಎಷ್ಟು ಅಂತ ಮಾತ್ರ. ಯಾರಿಗೆ, ಯಾವಾಗ, ಎಷ್ಟು ಹೊತ್ತು? ಗೊತ್ತಿಲ್ಲ! ಮಗ ಮಾಡಿದನೋ, ಪಕ್ಕದ ಮನೆಯವರು ಮಾಡಿದರೋ, ಎಲ್ಲೋ ಲೈನ್ ಕದ್ದರೋ. ಅದಕ್ಕೇ ಜನ ಡಯಲ್‌ಗೆ ಪುಟ್ಟ ಬೀಗ ಹಾಕಿದರು. ಈಗಿನ ಮಕ್ಕಳಿಗೆ ಹೇಳಿದರೆ ನಗ್ತಾರೆ.

ಇದೇ ಹೊತ್ತಿಗೆ ಎಸ್‌ಟಿಡಿ ಬೂತ್‌ಗಳನ್ನು ನೆನಪಿಸಿಕೊಳ್ಳಿ. ಕೆಂಪು ಅಂಕಿಗಳ ಮೀಟರ್ ಕಣ್ಣೆದುರೇ ಓಡ್ತಿತ್ತು. "ಸರಿ ಸರಿ, ಇಡ್ತೀನಿ, ಮೀಟರ್ ಓಡ್ತಾ ಇದೆ" ಅಂತ ಮಾತು ಮುಗಿಸ್ತಿದ್ದದ್ದು ಅದಕ್ಕೇ. ಕೊನೆಗೆ ಕೈಗೊಂದು ಪ್ರಿಂಟ್ ಚೀಟಿ. ನಂಬರ್, ಸಮಯ, ದುಡ್ಡು. ಬೂತ್‌ನವನ ಜೊತೆ ಜಗಳ ಕಡಿಮೆ, ಇಲಾಖೆ ಜೊತೆ ಜಗಳ ಜಾಸ್ತಿ. ಯಾಕೆ? ಬೂತ್‌ನಲ್ಲಿ ಮೀಟರ್ ಗ್ರಾಹಕನ ಕಡೆ ಮುಖ ಮಾಡಿತ್ತು, ಅಷ್ಟೆ.

ರೀಡಿಂಗ್ ಬೇರೆ, ದಾಖಲೆ ಬೇರೆ. ರೀಡಿಂಗ್ ಒಟ್ಟು ಮೊತ್ತ ಹೇಳುತ್ತೆ. ದಾಖಲೆ ಒಂದೊಂದು ಬಳಕೆಯ ಜಾತಕ ಹೇಳುತ್ತೆ. ಅಮೆರಿಕದ ಬೆಲ್ ಕಂಪನಿ 1948ರಲ್ಲಿ ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರಿನಲ್ಲಿ ಹೊಸ ವ್ಯವಸ್ಥೆ ತಂತು. ಪ್ರತಿ ಕರೆಯ ವಿವರವನ್ನೂ ಯಂತ್ರ ತಾನಾಗಿಯೇ ಕಾಗದದ ಪಟ್ಟಿಯ ಮೇಲೆ ರಂಧ್ರ ಕೊರೆದು ದಾಖಲಿಸೋದು. ಆ ಪಟ್ಟಿಗಳನ್ನು ಲೆಕ್ಕದ ಕೇಂದ್ರಕ್ಕೆ ಒಯ್ದು, ಯಂತ್ರಕ್ಕೆ ಉಣಿಸಿ ಬಿಲ್ ತಯಾರು ಮಾಡೋದು. ಇವತ್ತು ಕಂಪ್ಯೂಟರ್ ಜನ ಯೂಸೇಜ್ ರೆಕಾರ್ಡ್ ಇಂಪೋರ್ಟ್ ಅಂತಾರಲ್ಲ, ಅದರ ಅಜ್ಜ ಇದು.

ಪ್ಯಾಕೇಜ್ ಮೀರಿದ್ದಕ್ಕೆ ದುಡ್ಡು ಅನ್ನೋದೂ ಮೊಬೈಲ್ ಕಾಲದ ಕಂಡುಹಿಡಿತ ಅಲ್ಲ. ಐಬಿಎಂ ಕಂಪನಿ ಕಂಪ್ಯೂಟರ್‌ಗಳನ್ನು ಬಾಡಿಗೆಗೆ ಕೊಡುತ್ತಿದ್ದ ಕಾಲದಲ್ಲಿ ತಿಂಗಳ ಬಾಡಿಗೆಗೆ 176 ಗಂಟೆ ಬಳಕೆ. ದಿನಕ್ಕೆ 8 ಗಂಟೆ, ತಿಂಗಳಿಗೆ 22 ದಿನ, ಒಂದು ಪಾಳಿಯ ಲೆಕ್ಕ. ಮೀರಿದರೆ ಹೆಚ್ಚುವರಿ ಚಾರ್ಜ್. ಯಂತ್ರದ ಮೇಲೆ ಗಂಟೆ ಎಣಿಸುವ ಮೀಟರ್ ಕೂತಿರುತ್ತಿತ್ತು. ಒಂದಲ್ಲ, ಎರಡು! ರಿಪೇರಿ ಮಾಡೋ ಎಂಜಿನಿಯರ್ ಬಂದಾಗ ಕೀಲಿ ತಿರುಗಿಸಿದರೆ ಗ್ರಾಹಕನ ಮೀಟರ್ ನಿಂತು ಇನ್ನೊಂದು ಓಡೋದು. ನಮ್ಮ ಯಂತ್ರ ಕೆಟ್ಟರೆ ಆ ಸಮಯ ನಿಮ್ಮ ಬಿಲ್‌ಗೆ ಇಲ್ಲ ಅಂತ. ಎಷ್ಟು ಸರಳ, ಎಷ್ಟು ನ್ಯಾಯ!

1961ರಲ್ಲಿ ವಿಜ್ಞಾನಿ ಜಾನ್ ಮೆಕಾರ್ಥಿ ಎಂಐಟಿಯ ಶತಮಾನೋತ್ಸವದಲ್ಲಿ ಒಂದು ಮಾತು ಹೇಳಿದರು. ಟೆಲಿಫೋನ್ ಹೇಗೆ ಸಾರ್ವಜನಿಕ ಸೇವೆಯೋ, ಕಂಪ್ಯೂಟರ್ ಶಕ್ತಿಯೂ ಒಂದು ದಿನ ಹಾಗೇ ಆಗಬಹುದು, ಬಳಸಿದಷ್ಟಕ್ಕೆ ದುಡ್ಡು ಕೊಡಬಹುದು ಅಂತ. ಆ ಮಾತು ದೊಡ್ಡ ಪ್ರಮಾಣದಲ್ಲಿ ನಿಜವಾಗಲು 45 ವರ್ಷ ಬೇಕಾಯ್ತು. 2006ರ ಮಾರ್ಚ್‌ನಲ್ಲಿ ಪುಸ್ತಕ ಮಾರುತ್ತಿದ್ದ ಅಮೆಜಾನ್ ಒಂದು ಜಿಬಿಗೆ ತಿಂಗಳಿಗೆ 15 ಸೆಂಟ್ ಅಂತ ಜಾಗ ಬಾಡಿಗೆಗೆ ಕೊಟ್ಟಿತು. ಅದೇ ಆಗಸ್ಟ್‌ನಲ್ಲಿ ಗಂಟೆಗೆ 10 ಸೆಂಟ್ ಅಂತ ಕಂಪ್ಯೂಟರನ್ನೇ ಕೊಟ್ಟಿತು. ಕೆಲವೇ ನಿಮಿಷ ಬಳಸಿದರೂ ಪೂರ್ತಿ ಗಂಟೆಯ ದುಡ್ಡು. ಸೆಕೆಂಡ್ ಲೆಕ್ಕ ಬಂದದ್ದು 2017ರ ಅಕ್ಟೋಬರ್‌ನಲ್ಲಿ. ನಮ್ಮ ಮೊಬೈಲ್ ಗ್ರಾಹಕರು ಆ ರುಚಿಯನ್ನು 2009ರಲ್ಲೇ ನೋಡಿದ್ದರು. ಅವತ್ತು ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಅಂದಾಗ, 61 ಸೆಕೆಂಡ್ ಮಾತಿಗೆ ಎರಡು ನಿಮಿಷದ ದುಡ್ಡು ಕೊಟ್ಟು ರೂಢಿಯಾಗಿದ್ದ ದೇಶ ಬೆಚ್ಚಿ ನೋಡಿತ್ತು.

ಈಗ ಬಿಲ್ ಹೇಗೆ ಆಗುತ್ತೆ? ದೊಡ್ಡ ಕಂಪನಿ ಬಳಕೆಯ ದಾಖಲೆಗಳನ್ನು ಫೈಲ್ ಮಾಡುತ್ತೆ. ಎಷ್ಟೋ ಕಡೆ ನಡುವೆ ಒಬ್ಬ ಮರುಮಾರಾಟಗಾರ ಇರ್ತಾನೆ. ಅವನು ಆ ಫೈಲನ್ನು ತನ್ನ ಬಿಲ್ಲಿಂಗ್ ಯಂತ್ರಕ್ಕೆ ತುಂಬಿಸಿಕೊಂಡು, ಪ್ಯಾಕೇಜ್‌ನಲ್ಲಿ ಇರೋದನ್ನು ಕಳೆದು, ಮೀರಿದ್ದಕ್ಕೆ ಬಿಲ್ ಹಾಕ್ತಾನೆ. ಎಡವಟ್ಟು ಆಗೋದು ಈ ತುಂಬಿಸುವ ಜಾಗದಲ್ಲಿ.

ಒಂದು ಲೆಕ್ಕ ಮಾಡೋಣ. ನಿಮ್ಮ ಪ್ಯಾಕೇಜ್ 1,000 ಜಿಬಿ. ಬಳಸಿದ್ದು 1,180. ಹೆಚ್ಚುವರಿ 180. ಈಗ ಅದೇ ಫೈಲ್ ಕೈತಪ್ಪಿ ಎರಡು ಸಲ ಒಳಗೆ ಹೋಯ್ತು ಅನ್ನಿ. ಬಳಕೆ 2,360 ಆಯ್ತು. ಹೆಚ್ಚುವರಿ 1,360! ಬಳಕೆಯ ಅಂಕಿ ಆದದ್ದು ಎರಡು ಪಟ್ಟು, ಹೆಚ್ಚುವರಿ ಬಿಲ್ ಆದದ್ದು ಏಳೂವರೆ ಪಟ್ಟು. ಉಲ್ಟಾನೂ ಅಷ್ಟೇ. 180 ಜಿಬಿಯ ದಾಖಲೆ ಕಳೆದುಹೋದರೆ ಮಾರುವವನ ಹೆಚ್ಚುವರಿ ಆದಾಯ ಪೂರ್ತಿ ಸೊನ್ನೆ. ಮಿತಿ ಇರುವ ಕಡೆ ಸಣ್ಣ ತಪ್ಪು ಸಣ್ಣದಾಗಿ ಉಳಿಯೋದಿಲ್ಲ. ಅದಕ್ಕೇ ಪ್ರತಿ ದಾಖಲೆಗೂ ಒಂದು ವಿಶಿಷ್ಟ ಸಂಖ್ಯೆ ಇರಬೇಕು, ಎರಡನೇ ಸಲ ಬಂದರೆ ಯಂತ್ರ ಬಾಗಿಲಲ್ಲೇ ವಾಪಸ್ ಕಳಿಸಬೇಕು. ಗಡಿಯಾರದ ತಕರಾರೂ ಇದೆ. ಈ ದಾಖಲೆಗಳು ಸಾಮಾನ್ಯವಾಗಿ ಗ್ರೀನಿಚ್‌ಗೆ ಸರಿಹೊಂದುವ ಸಮಯದಲ್ಲಿ ಬರುತ್ತವೆ. ಬೆಂಗಳೂರಿನಲ್ಲಿ ಒಂದನೇ ತಾರೀಕು ಬೆಳಗಿನ ಐದು ಗಂಟೆ ಅಂದ್ರೆ ಅಲ್ಲಿ ಇನ್ನೂ ಹಿಂದಿನ ತಿಂಗಳು. ಆ ಬಳಕೆ ಯಾವ ತಿಂಗಳ ಪ್ಯಾಕೇಜ್‌ಗೆ? ಕರಾರಿನಲ್ಲಿ ಬರೆದಿಲ್ಲದಿದ್ದರೆ ಜಗಳ ಗ್ಯಾರಂಟಿ.

ಮೀಟರ್ ಸರಿಯಿದ್ದರೂ ಅನ್ಯಾಯ ಆಗಬಹುದು. 2024ರಲ್ಲಿ ಒಬ್ಬ ಡೆವಲಪರ್ ಅಮೆಜಾನ್ ಕ್ಲೌಡ್‌ನಲ್ಲಿ ಒಂದು ಖಾಲಿ ಡಬ್ಬ ತೆರೆದ. ಬೇರೆಯವರಿಗೆ ಪ್ರವೇಶ ಇಲ್ಲದ ಖಾಸಗಿ ಡಬ್ಬ. ಆ ಹೆಸರು ಆಕಸ್ಮಿಕವಾಗಿ ಬೇರೆ ಒಂದು ಸಾಫ್ಟ್‌ವೇರ್‌ನಲ್ಲಿ ಮೊದಲೇ ಸೇರಿಕೊಂಡಿತ್ತು. ಎಲ್ಲೆಲ್ಲಿಂದಲೋ ಒಂದೇ ದಿನದಲ್ಲಿ ಸುಮಾರು 10 ಕೋಟಿ ಸಲ ಬಾಗಿಲು ಬಡಿದರು. ಒಬ್ಬರನ್ನೂ ಒಳಗೆ ಬಿಡಲಿಲ್ಲ. ಆದರೂ ಬಿಲ್ 1,300 ಡಾಲರ್ ದಾಟಿತು! ಅಪರಿಚಿತರು ಗೇಟ್ ಬಡಿದದ್ದಕ್ಕೆ ಮನೆಯವರು ದುಡ್ಡು ಕೊಡಬೇಕಾ? ವಿಷಯ ಬಹಿರಂಗವಾಗಿ ಗದ್ದಲ ಎದ್ದಿತು. ಮೇ ತಿಂಗಳಲ್ಲಿ ಕಂಪನಿ ನಿಯಮ ಬದಲಿಸಿತು, ಅನುಮತಿ ಇಲ್ಲದೆ ಬಂದು ತಿರಸ್ಕೃತವಾದ ಕರೆಗಳಿಗೆ ಇನ್ನು ಚಾರ್ಜ್ ಇಲ್ಲ ಅಂತ. ಎಣಿಕೆಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಯಾವುದನ್ನು ಎಣಿಸಬೇಕು ಅನ್ನೋದರಲ್ಲಿ.

ಇದು ನಮಗೆ ಅರ್ಥವಾಗದ ವಿಷಯವೇ? ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದಾಗ ಇಡೀ ಕರ್ನಾಟಕ ಈ ಗಣಿತ ಕಲಿತಿತು. ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ಶೇ. 10, ಅಷ್ಟು ಉಚಿತ. ಅದನ್ನು ಮೀರಿ 200ರೊಳಗೆ ಇದ್ದರೆ ಮೀರಿದ್ದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. ಶುರುವಿನ ನಿಯಮ ಇದು. 199 ಮತ್ತು 201ರ ನಡುವಿನ ಎರಡು ಯೂನಿಟ್‌ಗೆ ಎಷ್ಟು ತೂಕ ಅಂತ ಪ್ರತಿ ಮನೆಗೂ ಗೊತ್ತಾಯ್ತು. ಮೀಟರ್ ಓದುವವರು ಒಂದೆರಡು ದಿನ ತಡವಾಗಿ ಬಂದರೆ ಎದೆ ಢವಢವ. ಆದರೆ ಅಲ್ಲಿ ಮೀಟರ್ ನಮ್ಮ ಗೋಡೆಯ ಮೇಲಿದೆ. ಹೋಗಿ ನೋಡಬಹುದು, ಫೋಟೊ ತೆಗೆದಿಟ್ಟುಕೊಳ್ಳಬಹುದು, ಬಿಲ್ ಹಿಡಿದು ಕಚೇರಿಗೆ ಹೋಗಿ ಕೇಳಬಹುದು.

ಪೆಟ್ರೋಲ್ ಬಂಕ್‌ನಲ್ಲಿ ಅಳತೆಯ ಮೇಲೆ ಸರ್ಕಾರದ ಸೀಲ್ ಇದೆ, ಅನುಮಾನ ಬಂದರೆ 5 ಲೀಟರ್ ಪಾತ್ರೆಯಲ್ಲಿ ಅಳೆದು ತೋರಿಸಿ ಅಂತ ಕೇಳೋ ಹಕ್ಕಿದೆ. ಆಟೊ ಮೀಟರ್‌ಗೂ ಸೀಲ್ ಇದೆ, ಮೀಟರ್ ಮೇಲೆ ಇಪ್ಪತ್ತು ಕೊಡಿ ಅನ್ನೋದು ಬೇರೆ ಮಾತು. ಟೆಲಿಫೋನ್ ಕಂಪನಿಗಳಿಗೆ ಟ್ರಾಯ್ 2006ರಲ್ಲೇ ಮೀಟರಿಂಗ್ ಮತ್ತು ಬಿಲ್ಲಿಂಗ್ ನಿಖರತೆಗೆ ನಿಯಮ ತಂದು ಆಡಿಟ್ ಕಡ್ಡಾಯ ಮಾಡಿತು. ಡಯಲ್‌ಗೆ ಬೀಗ ಹಾಕಿದ ತಲೆಮಾರಿನ ಜಗಳಕ್ಕೆ ಸಿಕ್ಕ ಫಲ ಅದು. ಟ್ರಾಯ್‌ನ ಆ ನಿಯಮ ಟೆಲಿಕಾಂ ಕಂಪನಿಗಳಿಗೆ ಮಾತ್ರ, ಕ್ಲೌಡ್ ಬಿಲ್ಲಿಗೆ ಅಲ್ಲ. ಅಲ್ಲಿ ಮೀಟರ್ ಮಾರುವವನ ಮನೆಯಲ್ಲಿ, ತಕ್ಕಡಿಯೂ ಅವನ ಮನೆಯಲ್ಲಿ. ಎಡಿಸನ್ ಕಾಲದಲ್ಲಿ ಗಾಜಿನ ಪಾತ್ರೆಯಾದರೂ ನಮ್ಮ ಮನೆಯಲ್ಲಿತ್ತು!

ಕ್ಲೌಡ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದು ಇಲ್ಲದಿದ್ದರೆ ಕೋರಮಂಗಲದ ಒಂದು ಕೋಣೆಯಲ್ಲಿ ಕೂತ ನಾಲ್ಕು ಹುಡುಗರು ಕಂಪನಿ ಕಟ್ಟೋಕೆ ಆಗ್ತಿರಲಿಲ್ಲ, ಯಂತ್ರ ಕೊಳ್ಳೋಕೇ ಸಾಲ ಮಾಡಬೇಕಿತ್ತು. ಆದರೆ ಅದೇ ಹುಡುಗರು ಒಂದು ತಿಂಗಳ ಅನಿರೀಕ್ಷಿತ ಬಿಲ್‌ಗೆ ಸಂಬಳ ನಿಲ್ಲಿಸುವ ಸ್ಥಿತಿಗೂ ಬರಬಹುದು. ಇದು ಬದುಕಿನ ಪ್ರಶ್ನೆ. ಅದಕ್ಕೇ ಮೂರು ವಿಷಯ ಕೇಳಿ ಪಡೆಯಬೇಕು. ಒಟ್ಟು ಮೊತ್ತ ಅಲ್ಲ, ಪ್ರತಿ ಬಳಕೆಯ ದಾಖಲೆ ಕೊಡಿ. ಮಿತಿ ದಾಟುವ ಮೊದಲೇ ಎಚ್ಚರಿಸಿ, ಬಿಲ್ ಬಂದ ಮೇಲೆ ಅಲ್ಲ. ತಪ್ಪಾಗಿದ್ದರೆ ಯಾರು, ಎಷ್ಟು ದಿನದಲ್ಲಿ ಸರಿಮಾಡ್ತೀರಿ ಅಂತ ಕರಾರಿನಲ್ಲೇ ಬರೆಯಿರಿ. ಇದರ ಜೊತೆಗೆ ನಮ್ಮದೇ ಒಂದು ಲೆಕ್ಕ ನಾವೂ ಇಡಬೇಕು, ಅಡುಗೆಮನೆ ಕ್ಯಾಲೆಂಡರ್‌ನ ಹಾಗೆ.

ಸೀಲ್, ಆಡಿಟ್, ಕೈಗೆ ಬರುವ ಚೀಟಿ ಇವು ಯಾವುವೂ ಮಾರುವವರ ಔದಾರ್ಯದಿಂದ ಬಂದವಲ್ಲ. ನಂಬೋದಿಲ್ಲ, ತೋರಿಸಿ ಅಂತ ಹಟ ಹಿಡಿದ ಗ್ರಾಹಕರಿಂದ ಬಂದವು. ಕ್ಲೌಡ್‌ಗೂ ಆ ದಿನ ಬರಬೇಕು. ಬರಿಸುವವರು ಬಿಲ್ ಕಟ್ಟುವವರೇ.