ಕಳಲೆಯ ಕೆಂಪನಂಜಮ್ಮಣ್ಣಿ: ಹದಿನಾರು ವರ್ಷದ ದಾಂಪತ್ಯ, ನಲವತ್ತು ವರ್ಷದ ವೈಧವ್ಯ

ಮೈಸೂರು: ನಂಜನಗೂಡು ತಾಲ್ಲೂಕಿನ ಕಳಲೆ ಎಂದೊಡನೆ ಇತಿಹಾಸಾಸಕ್ತರಿಗೆ ನೆನಪಾಗುವುದು ದಳವಾಯಿಗಳು ಹಾಗೂ ಲಕ್ಷ್ಮೀಕಾಂತಸ್ವಾಮಿ ದೇವಾಲಯ. ಆದರೆ ಇದೇ ಕಳಲೆಯ ಮನೆತನದಿಂದ ಹನ್ನೆರಡನೆಯ ವಯಸ್ಸಿನಲ್ಲಿ ಮೈಸೂರು ಅರಮನೆಗೆ ಸೊಸೆಯಾಗಿ ಹೋದ ಬಾಲೆಯೊಬ್ಬಳು ಮುಂದೆ ಏಳು ವರ್ಷಕ್ಕೂ ಹೆಚ್ಚು ಕಾಲ ಸಂಸ್ಥಾನದ ರಾಜಪ್ರತಿನಿಧಿಯಾಗಿದ್ದಳು. ಆಕೆಯೇ ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ.

ಅಣೆಕಟ್ಟು, ಆಸ್ಪತ್ರೆ, ರಸ್ತೆಗಳ ಹೆಸರಿನಲ್ಲಿ ವಾಣಿವಿಲಾಸರನ್ನು ಬಲ್ಲವರು ಬಹಳ. ಆ ಹೆಸರಿನ ಹಿಂದಿರುವ ಕತೆ ಮಾತ್ರ ಇಬ್ಬರು ಹದಿಹರೆಯದವರದು. ತಂದೆಯಿಲ್ಲದೆ ಬೆಳೆದ ಬಾಲರಾಜ, ಆತನಿಗೆ ಜೊತೆಯಾದ ಕಳಲೆಯ ಬಾಲೆ, ಅಕಾಲದಲ್ಲಿ ಬಂದೆರಗಿದ ರೋಗ, ಆ ಬಳಿಕದ ದೀರ್ಘ ಒಂಟಿತನ. ಈ ಕತೆಯನ್ನು ಕೇವಲ ಪ್ರೇಮಕಥೆಯಾಗಿ ಹೇಳಿದರೆ ಅರ್ಧ ಸತ್ಯವಾಗುತ್ತದೆ. ಉಳಿದರ್ಧವನ್ನೂ ಇಲ್ಲಿ ದಾಖಲಿಸಲಾಗಿದೆ.

ಕಳಲೆಯ ನಂಟು

ಕಳಲೆಗೂ ಮೈಸೂರು ಅರಮನೆಗೂ ನಂಟು ಹೊಸದಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿ, ರಾಜ ಒಡೆಯರ್ ಕಾಲದಲ್ಲಿಯೇ ಕಳಲೆಯ ಅರಸು ಮನೆತನದವರು ಮೈಸೂರಿಗೆ ದಳವಾಯಿಗಳನ್ನು ಕೊಡಲಾರಂಭಿಸಿದ್ದರು. ಹೆಣ್ಣು ಕೊಟ್ಟು ತರುವ ಸಂಬಂಧವೂ ಜೊತೆಜೊತೆಯಾಗಿಯೇ ಬೆಳೆಯಿತು. ಹದಿನೆಂಟನೆಯ ಶತಮಾನದಲ್ಲಿ ದಳವಾಯಿ ದೇವರಾಜಯ್ಯ ಮತ್ತು ಸರ್ವಾಧಿಕಾರಿ ನಂಜರಾಜಯ್ಯ ಸಹೋದರರು ಸಿಂಹಾಸನಕ್ಕಿಂತ ಪ್ರಬಲರಾದರು. ಅದೇ ನಂಜರಾಜಯ್ಯ ಕನ್ನಡದಲ್ಲಿ 'ಕಕುದ್ಗಿರಿ ಮಾಹಾತ್ಮ್ಯ'ದಂತಹ ಕೃತಿಗಳನ್ನು ರಚಿಸಿದ ಸಾಹಿತ್ಯಪ್ರೇಮಿಯೂ ಹೌದು. ಹೈದರಾಲಿ ಮೇಲೆದ್ದ ನಂತರ ಕಳಲೆಯ ರಾಜಕೀಯ ಪ್ರಾಬಲ್ಯ ಅಳಿಯಿತು. ಆದರೆ ಮದುವೆಯ ನಂಟು ಉಳಿಯಿತು.

ಕೆಂಪನಂಜಮ್ಮಣ್ಣಿ 1866ರಲ್ಲಿ ಜನಿಸಿದರು. ತಂದೆ ಕಳಲೆಯ ಸರದಾರ್ ನರಸರಾಜೇ ಅರಸು. ಮುಂದೆ ಮೈಸೂರಿನ ದಿವಾನರಾದ ಸರ್ ಎಂ. ಕಾಂತರಾಜೇ ಅರಸು ಈಕೆಯ ತಮ್ಮ.

ತಂದೆಯನ್ನು ಕಾಣದ ರಾಜಕುಮಾರ

ವರ ಚಾಮರಾಜೇಂದ್ರ ಒಡೆಯರ್ ಹುಟ್ಟಿದ್ದು 1863ರ ಫೆಬ್ರುವರಿ 22ರಂದು. ಹೆತ್ತ ತಂದೆ ಬೆಟ್ಟದಕೋಟೆ ಮನೆತನದ ಚಿಕ್ಕಕೃಷ್ಣರಾಜೇ ಅರಸು, ಮಗ ಹುಟ್ಟುವ ಮುನ್ನವೇ ಕಾಲವಾಗಿದ್ದರು. ಗಂಡುಸಂತಾನವಿಲ್ಲದ ಮುಮ್ಮಡಿ ಕೃಷ್ಣರಾಜ ಒಡೆಯರ್ 1865ರಲ್ಲಿ ತಮ್ಮ ಮಗಳ ಈ ಕೂಸನ್ನು ದತ್ತು ಸ್ವೀಕರಿಸಿದರು. 1868ರ ಮಾರ್ಚ್‌ನಲ್ಲಿ ಅವರೂ ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಐದು ವರ್ಷದ ಬಾಲಕನಿಗೆ ಪಟ್ಟಾಭಿಷೇಕವಾಯಿತು.

ಪಟ್ಟವೇನೋ ದೊರೆಯಿತು, ಅಧಿಕಾರ ದೊರೆಯಲಿಲ್ಲ. 1831ರಿಂದಲೂ ರಾಜ್ಯವನ್ನು ಬ್ರಿಟಿಷ್ ಕಮಿಷನರುಗಳು ಆಳುತ್ತಿದ್ದರು. ಬಾಲರಾಜನ ಓದು, ಒಡನಾಟ, ದಿನಚರಿ ಎಲ್ಲವೂ ಬ್ರಿಟಿಷರು ನೇಮಿಸಿದ ಪೋಷಕಾಧಿಕಾರಿಗಳ ಕಣ್ಗಾವಲಿನಲ್ಲಿ ನಡೆಯುತ್ತಿದ್ದವು. ಒಳಗೆ ಅಂತಃಪುರದ ಹಿರಿಯ ರಾಣಿಯರ ಮಾತು, ಹೊರಗೆ ದೊರೆಗಳ ಮಾತು. ಇವೆರಡರ ನಡುವೆ ಹುಡುಗ ಬೆಳೆದ.

ಬರದ ನೆರಳಿನ ಮದುವೆ

1878ರ ಮೇ ತಿಂಗಳಲ್ಲಿ ಮೈಸೂರಿನಲ್ಲಿ ಮದುವೆ ನಡೆಯಿತು. ವರನಿಗೆ 15 ವರ್ಷ, ವಧುವಿಗೆ 12. ಆಗಷ್ಟೇ ಮೈಸೂರು ಸೀಮೆ ತನ್ನ ಚರಿತ್ರೆಯ ಅತ್ಯಂತ ಭೀಕರ ಬರದಿಂದ ಹೊರಬರುತ್ತಿತ್ತು. 1876ರಿಂದ 1878ರವರೆಗಿನ ಆ ಕ್ಷಾಮದಲ್ಲಿ ಸಂಸ್ಥಾನದ ಸುಮಾರು ಐದನೆಯ ಒಂದು ಪಾಲು ಜನ ಇಲ್ಲವಾದರೆಂದು ಅಂದಾಜು.

ಈ ಮದುವೆಯನ್ನು ಇಂದಿನ ಅರ್ಥದ ಪ್ರೇಮವಿವಾಹವೆಂದು ಬಗೆಯಲಾಗದು. ಹುಡುಗಿಯ ಒಪ್ಪಿಗೆ ಕೇಳುವುದು ಅಂದಿನ ಪದ್ಧತಿಯಲ್ಲಿರಲಿಲ್ಲ. ಹುಡುಗನ ಒಪ್ಪಿಗೆಯೂ ಅಷ್ಟೇ. ಮನೆತನಗಳು ಕೂಡಿ ನಿಶ್ಚಯಿಸುತ್ತಿದ್ದವು, ಮಕ್ಕಳು ಹಸೆಗೆ ಕೂರುತ್ತಿದ್ದರು. ಒಲವು ಇದ್ದಲ್ಲಿ ಅದು ತಾಳಿಯ ನಂತರ ಮೊಳೆಯಬೇಕಿತ್ತು.

ಅರಮನೆಯಲ್ಲಿ ಪ್ರಣಯಕ್ಕೆ ಪ್ರಶಸ್ತ ಸ್ಥಳವಾಗಿದ್ದುದು ರಂಗಭೂಮಿ. ಚಾಮರಾಜೇಂದ್ರರು ಸಂಗೀತ ಮತ್ತು ನಾಟಕಗಳ ಪೋಷಕರು. ಸ್ವತಃ ಪಿಟೀಲು ನುಡಿಸುತ್ತಿದ್ದರು. ಅವರ ಆಶ್ರಯದಲ್ಲಿ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು, ಭವಭೂತಿಯ ಉತ್ತರರಾಮಚರಿತವನ್ನು ಕನ್ನಡಕ್ಕೆ ತಂದರು. 'ಅಭಿನವ ಕಾಳಿದಾಸ' ಎಂಬ ಬಿರುದಿಗೂ ಪಾತ್ರರಾದರು. ಮೊದಲ ನೋಟದ ಒಲವು, ಅಗಲಿಕೆ, ಪುನರ್ಮಿಲನ ಇವೆಲ್ಲ ಆ ರಂಗದ ಮೇಲೆ ಕನ್ನಡದಲ್ಲಿ ನುಡಿದವು.

ದಂಪತಿಗಳ ಬಾಳು ಮಾತ್ರ ಬೇಗಬೇಗನೆ ಸಾಗಿತು. 1881ರ ಮಾರ್ಚ್ 25ರಂದು ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸಿದಾಗ ದೊರೆಗೆ 18 ವರ್ಷ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯೂ ಅರಮನೆಯ ಆಶ್ರಯದಲ್ಲಿ ಅದೇ ವರ್ಷ ಆರಂಭವಾಯಿತು. ಅದನ್ನು ಕಟ್ಟಿದವರು ಅಂಬಿಲ್ ನರಸಿಂಹ ಅಯ್ಯಂಗಾರ್. 1884ರ ಜೂನ್ 4ರಂದು ಪಟ್ಟದ ಮಗ ಕೃಷ್ಣರಾಜ ಹುಟ್ಟಿದಾಗ ತಾಯಿಗೆ ಇನ್ನೂ 18ರ ಆಸುಪಾಸು. ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿ ಅದಕ್ಕೂ ಮೊದಲೇ ಜನಿಸಿದ್ದಳು. ಅಂದರೆ ಹದಿಹರೆಯ ಮುಗಿಯುವಷ್ಟರಲ್ಲಿ ಕಳಲೆಯ ಬಾಲೆ ಮಹಾರಾಣಿಯೂ ಆಗಿದ್ದಳು, ತಾಯಿಯೂ ಆಗಿದ್ದಳು.

ಕಲ್ಕತ್ತೆಯಲ್ಲಿ ಎರಗಿದ ಗಂಟಲಮಾರಿ

1894ರ ಡಿಸೆಂಬರ್‌ನಲ್ಲಿ ಮಹಾರಾಜರು ಕಲ್ಕತ್ತೆಗೆ ತೆರಳಿದ್ದರು. ಅಲ್ಲಿ ಅವರಿಗೆ ಡಿಫ್ತೀರಿಯಾ ತಗುಲಿತು. ಡಿಸೆಂಬರ್ 28ರಂದು ಅಲ್ಲಿಯೇ ಕೊನೆಯುಸಿರೆಳೆದರು. ಆಗ ಅವರಿಗೆ 31 ವರ್ಷ, ಮಹಾರಾಣಿಗೆ 28. ಪಟ್ಟದ ಮಗನಿಗೆ ಹತ್ತು, ಕಿರಿಯ ಮಗ ಕಂಠೀರವ ನರಸಿಂಹರಾಜನಿಗೆ ಆರು.

ಕನ್ನಡದಲ್ಲಿ ಗಂಟಲಮಾರಿ ಎಂದು ಕರೆಯುವ ಈ ರೋಗ ಬ್ಯಾಕ್ಟೀರಿಯಾದಿಂದ ಬರುತ್ತದೆ. ಗಂಟಲಿನಲ್ಲಿ ಬೂದುಬಣ್ಣದ ಪೊರೆ ಬೆಳೆದು ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ರೋಗಾಣು ಸ್ರವಿಸುವ ವಿಷ ಹೃದಯ ಹಾಗೂ ನರಗಳನ್ನು ಘಾಸಿಗೊಳಿಸುತ್ತದೆ. 1890ರಲ್ಲಿ ಬೆರಿಂಗ್ ಮತ್ತು ಕಿಟಸಾಟೊ ಈ ವಿಷವನ್ನು ತಡೆಯುವ ಪ್ರತಿವಿಷದ ತತ್ವವನ್ನು ಪ್ರಕಟಿಸಿದ್ದರು. 1894ರ ಸೆಪ್ಟೆಂಬರ್‌ನಲ್ಲಿ, ಅಂದರೆ ಮಹಾರಾಜರ ನಿಧನಕ್ಕೆ ಸುಮಾರು ನಾಲ್ಕು ತಿಂಗಳು ಮೊದಲು, ಫ್ರಾನ್ಸಿನ ಎಮಿಲ್ ರೂ ಬುಡಾಪೆಸ್ಟ್ ಸಮ್ಮೇಳನದಲ್ಲಿ ಪ್ರತಿವಿಷ ಚಿಕಿತ್ಸೆಯ ಯಶಸ್ಸನ್ನು ವರದಿ ಮಾಡಿದ್ದರು. ಔಷಧ ಹುಟ್ಟಿತ್ತು, ಆದರೆ ಲೋಕಕ್ಕೆಲ್ಲ ಹಬ್ಬಲು ಇನ್ನೂ ಕಾಲ ಬೇಕಿತ್ತು.

ಇಂದು ಈ ರೋಗಕ್ಕೆ ಲಸಿಕೆಯಿದೆ. ಮಗುವಿಗೆ ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ, ಮತ್ತೆ ಒಂದೂವರೆ ವರ್ಷ ಹಾಗೂ ಐದು ವರ್ಷದ ಆಸುಪಾಸಿನಲ್ಲಿ ಸರಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಹಾಕಲಾಗುತ್ತದೆ. ಹತ್ತು ಮತ್ತು ಹದಿನಾರನೆಯ ವಯಸ್ಸಿನಲ್ಲಿ ನೀಡುವ ಟಿ.ಡಿ. ಲಸಿಕೆಯೂ ಇದೇ ರಕ್ಷಣೆಯ ಮುಂದುವರಿಕೆ. ಹದಿಹರೆಯದ ಮಕ್ಕಳಿಗೆ ಈ ಎರಡು ಚುಚ್ಚುಮದ್ದುಗಳನ್ನು ತಪ್ಪಿಸುವುದು ಸಲ್ಲದು.

ದುಃಖದ ನಡುವೆ ರಾಜ್ಯಭಾರ

1895ರ ಆರಂಭದಲ್ಲಿ ಹತ್ತು ವರ್ಷದ ಕೃಷ್ಣರಾಜನಿಗೆ ಪಟ್ಟವಾಯಿತು. ತಾಯಿ ರಾಜಪ್ರತಿನಿಧಿಯಾದರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ನೇತೃತ್ವದ ಮಂಡಲಿ ಅವರಿಗೆ ನೆರವಾಯಿತು. ವಿಧವೆ ಮೂಲೆ ಸೇರಬೇಕೆಂಬ ಕಟ್ಟುಪಾಡಿನ ಕಾಲದಲ್ಲಿ ಒಬ್ಬ ವಿಧವೆಯ ಹೆಸರಿನಲ್ಲಿ ಮೈಸೂರಿನಂತಹ ದೊಡ್ಡ ಸಂಸ್ಥಾನ ನಡೆಯಿತು.

ಆ ವರ್ಷಗಳು ಸುಲಭವಾಗಿರಲಿಲ್ಲ. 1897ರಲ್ಲಿ ಹಿರಿಯ ಮಗಳ ಮದುವೆಯ ಸಂದರ್ಭದಲ್ಲೇ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಇಂದು ಪ್ರವಾಸಿಗರು ಕಾಣುವ ಅರಮನೆಯ ನಿರ್ಮಾಣ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಅನಂತರ ಆರಂಭಗೊಂಡು 1912ರಲ್ಲಿ ಪೂರ್ಣಗೊಂಡಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟು ಸಾವಿರಾರು ಮನೆಗಳನ್ನು ದುಃಖಕ್ಕೆ ನೂಕಿತು.

ಇದೇ ಅವಧಿಯಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಬಿದ್ದು 1900ರಲ್ಲಿ ಅದು ಉದ್ಘಾಟನೆಯಾಯಿತು. ಮೈಸೂರಿನ ಹೆಣ್ಣುಮಕ್ಕಳ ಶಾಲೆ 1901ರಲ್ಲಿ ಕಾಲೇಜಿನ ಮಟ್ಟಕ್ಕೇರಿತು. 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆ ಅಣೆಕಟ್ಟಿನ ಕೆಲಸ ಆರಂಭವಾಗಿ 1907ರಲ್ಲಿ ಮುಗಿಯಿತು. ಅದಕ್ಕೆ ವಾಣಿವಿಲಾಸ ಸಾಗರವೆಂಬ ಹೆಸರು ಬಂತು. 1933ರಲ್ಲಿ ಈ ಜಲಾಶಯ ಮೊದಲ ಬಾರಿಗೆ ಕೋಡಿ ಬಿದ್ದಾಗ ಮಹಾರಾಣಿ ಇನ್ನೂ ಬದುಕಿದ್ದರು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ.

1902ರ ಆಗಸ್ಟ್ 8ರಂದು ವೈಸ್‌ರಾಯ್ ಕರ್ಜನ್ ಸಮಕ್ಷಮದಲ್ಲಿ ಮಗನಿಗೆ ಅಧಿಕಾರ ಒಪ್ಪಿಸಿ ತಾಯಿ ಹಿಂದೆ ಸರಿದರು.

ಮನೆಯೊಳಗಿನ ಮತ್ತೊಂದು ರೋಗ

ರೋಗ ಈ ಕುಟುಂಬವನ್ನು ಅಷ್ಟಕ್ಕೇ ಬಿಡಲಿಲ್ಲ. ಮಗಳು ಕೃಷ್ಣಾಜಮ್ಮಣ್ಣಿ ಕ್ಷಯರೋಗಕ್ಕೆ ಬಲಿಯಾದಳು. ಆಗ ಕ್ಷಯಕ್ಕೆ ಮದ್ದಿರಲಿಲ್ಲ. ಶುದ್ಧ ಗಾಳಿ, ವಿಶ್ರಾಂತಿ, ಒಳ್ಳೆಯ ಆಹಾರವಷ್ಟೇ ಚಿಕಿತ್ಸೆ. ತಂಗಿಯ ನೆನಪಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರಿನಲ್ಲಿ 1921ರಲ್ಲಿ ಕ್ಷಯರೋಗ ಆಸ್ಪತ್ರೆಯನ್ನು ಸ್ಥಾಪಿಸಿದರು. ಪಿ.ಕೆ.ಟಿ.ಬಿ. ಸ್ಯಾನಟೋರಿಯಂ ಎಂಬ ಹೆಸರಿನಲ್ಲಿರುವ ಮೊದಲೆರಡು ಅಕ್ಷರಗಳು ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿಯವರವು. ಚಿಕಿತ್ಸೆಗೆ ಬರುವ ನಂಜನಗೂಡು, ತಿ. ನರಸೀಪುರ ಸೀಮೆಯ ಎಷ್ಟೋ ರೋಗಿಗಳಿಗೆ ಅದು ಕಳಲೆಯ ಮಗಳ ಮಗಳ ಹೆಸರೆಂಬುದು ಹೊಳೆಯುವುದಿಲ್ಲ.

ಕೆಂಪನಂಜಮ್ಮಣ್ಣಿ 1934ರ ಜುಲೈನಲ್ಲಿ ನಿಧನರಾದರು. ಮರುವರ್ಷ ಬೆಂಗಳೂರಿನಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿ ತೆರೆದ ಆಸ್ಪತ್ರೆಗೆ ವಾಣಿವಿಲಾಸ ಎಂಬ ಹೆಸರೇ ಉಳಿಯಿತು.

ವಯಸ್ಸಿನ ಪ್ರಶ್ನೆ: ಕಾನೂನು ನಡೆದುಬಂದ ಹಾದಿ

ಹದಿನೈದರ ವರನಾಗಿದ್ದ ದೊರೆಯ ಕಾಲದಲ್ಲಿಯೇ ಮೈಸೂರು ಬಾಲ್ಯವಿವಾಹದ ವಿರುದ್ಧ ಕಾನೂನು ತಂದಿತೆಂಬುದು ಗಮನಾರ್ಹ. 1894ರ ಶಿಶುವಿವಾಹ ತಡೆ ನಿಬಂಧನೆ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ಅಪರಾಧವೆಂದಿತು. ಇಂದಿನ ಕಣ್ಣಿಗೆ ಇದು ಅತ್ಯಲ್ಪ. ಅಂದು ಅಷ್ಟಕ್ಕೂ ಪ್ರಬಲ ವಿರೋಧವಿತ್ತು.

ಅರಮನೆಯ ಪದ್ಧತಿ ಮಾತ್ರ ಕೂಡಲೇ ಬದಲಾಗಲಿಲ್ಲ. ತಾಯಿಯೇ ರಾಜಪ್ರತಿನಿಧಿಯಾಗಿದ್ದ 1900ರ ಜೂನ್‌ನಲ್ಲಿ ಮಗ ಕೃಷ್ಣರಾಜನಿಗೆ ಕಾಠಿಯಾವಾಡದ ರಾಜಕುಮಾರಿ ಪ್ರತಾಪಕುಮಾರಿಯೊಂದಿಗೆ ಮದುವೆಯಾಯಿತು. ವರನಿಗೆ ಆಗ 16 ವರ್ಷ. ವಧು ಇನ್ನೂ ಕಿರಿಯಳು.

ದೇಶದ ಮಟ್ಟದಲ್ಲಿ 1929ರ ಶಾರದಾ ಕಾಯ್ದೆ ಹೆಣ್ಣಿಗೆ 14, ಗಂಡಿಗೆ 18 ಎಂದು ಗೊತ್ತುಪಡಿಸಿತು. 1978ರ ತಿದ್ದುಪಡಿ ಅದನ್ನು 18 ಮತ್ತು 21ಕ್ಕೆ ಏರಿಸಿತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. 2012ರ ಪೋಕ್ಸೊ ಕಾಯ್ದೆಯಡಿ 18 ತುಂಬದವರೆಲ್ಲ ಮಕ್ಕಳೇ; ಪರಸ್ಪರ ಇಷ್ಟಪಟ್ಟಿದ್ದರೂ ಲೈಂಗಿಕ ಸಂಬಂಧ ಅಪರಾಧವಾಗುತ್ತದೆ. ಹದಿಹರೆಯದ ಪ್ರಣಯ ಪ್ರಕರಣಗಳು ಸಾಲುಸಾಲಾಗಿ ನ್ಯಾಯಾಲಯಕ್ಕೆ ಬರುತ್ತಿರುವುದನ್ನು ಕಂಡು ಕರ್ನಾಟಕ ಹೈಕೋರ್ಟ್‌ನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ವಯಸ್ಸಿನ ಮಿತಿಯನ್ನು ಪುನರ್ವಿಮರ್ಶಿಸುವಂತೆ ಕಾನೂನು ಆಯೋಗಕ್ಕೆ ತಿಳಿಸಿತು. 2023ರ ವರದಿಯಲ್ಲಿ ಆಯೋಗ 18ರ ಮಿತಿಯನ್ನು ಇಳಿಸಬಾರದೆಂದಿತು. 16ರಿಂದ 18ರ ನಡುವಿನವರ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ವಿವೇಚನೆ ಇರಲೆಂದು ಸಲಹೆ ನೀಡಿತು.

ಪ್ರೇಮಕಥೆಯೇ?

ಅರಮನೆಯ ವೈಭವವನ್ನು ಪಕ್ಕಕ್ಕಿಟ್ಟು ನೋಡಿದರೆ, ಹನ್ನೆರಡು ವರ್ಷದ ಹುಡುಗಿಯನ್ನು ಆಕೆಯ ಮಾತು ಕೇಳದೆ ಹಸೆಗೆ ಕೂರಿಸಿದ ಕತೆಯಿದು. ಅದನ್ನು ರಮ್ಯವೆಂದು ಕೊಂಡಾಡುವುದು ಇಂದು ಅದೇ ವಯಸ್ಸಿನಲ್ಲಿ ಏಳನೆಯ ತರಗತಿಯಲ್ಲಿರುವ ಹೆಣ್ಣುಮಕ್ಕಳಿಗೆ ಬಗೆಯುವ ಅನ್ಯಾಯ. ಕಳಲೆಯ ಬಾಲೆಗೆ ಆಯ್ಕೆಯಿದ್ದದ್ದು ಮದುವೆಯಲ್ಲಲ್ಲ. ಆಯ್ಕೆ ದೊರೆತದ್ದು ಗಂಡನನ್ನು ಕಳೆದುಕೊಂಡ ಮೇಲೆ. ಆಕೆ ಹೊಣೆ ಹೊತ್ತರು, ಮಕ್ಕಳನ್ನು ಬೆಳೆಸಿದರು, ಕಾಲ ಬಂದಾಗ ಅಧಿಕಾರವನ್ನು ಬಿಟ್ಟುಕೊಟ್ಟರು. ಆಕೆಯ ಹಿರಿಮೆ ಇರುವುದು ಅಲ್ಲಿ.

ಇಂದಿನ ಹದಿಹರೆಯದವರಿಗೆ ಪ್ರೀತಿ, ಸಾವು, ಕಾಯಿಲೆ, ಮನೆಯ ಕಲಹ ಒಟ್ಟಿಗೇ ಎದುರಾದಾಗ ನೆರವು ಕೇಳಲು ದಾರಿಗಳಿವೆ. ಬಲವಂತದ ಮದುವೆಯ ಭಯವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ನೆರೆಹೊರೆಯವರೂ ಕರೆ ಮಾಡಬಹುದು. ಮನಸ್ಸು ಕುಸಿದಾಗ ಟೆಲಿ ಮಾನಸ್ ಸಂಖ್ಯೆ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಸರಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳು ಹದಿಹರೆಯದವರ ಸಲಹೆಗೆಂದೇ ಇವೆ. 1878ರಲ್ಲಿ ಕಳಲೆಯಿಂದ ಹೊರಟ ಹುಡುಗಿಗೆ ಇವಾವುವೂ ಇರಲಿಲ್ಲ.