ಗಾಜಿನ ನೆಗೆಟಿವ್ ಕಲಿಸುವ ಪಾಠ

ಚಿಂಚೋಳಿ ತಾಲ್ಲೂಕಿನ ಐನಾಪುರ, ಸೇಡಂ, ಚಿತ್ತಾಪುರಗಳೆಲ್ಲ 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನದ ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ರಾಜಾ ದೀನ್ ದಯಾಳ್ (1844–1905). ಬೆಳ್ಳಿಯ ಲವಣ ಲೇಪಿಸಿದ ಗಾಜಿನ ಫಲಕದ ಮೇಲೆ ನೆಗೆಟಿವ್ ಪಡೆದು, ಅದರಿಂದ ಕಾಗದಕ್ಕೆ ಚಿತ್ರ ಇಳಿಸುತ್ತಿದ್ದ ಕಾಲವದು. ಅವರ 2,857 ಗಾಜಿನ ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದ ಸಂಗ್ರಹದಲ್ಲಿವೆ. ಕಾಗದದ ಚಿತ್ರ ಮಾಸಿದರೂ ನೆಗೆಟಿವ್‌ನಿಂದ ಹೊಸ ಪ್ರತಿ ತೆಗೆಯಬಹುದು.

ಡಿಜಿಟಲ್ ಕ್ಯಾಮೆರಾದ ‘ರಾ’ ಮತ್ತು ‘ಜೆಪೆಗ್’ ನಡುವಣ ವ್ಯತ್ಯಾಸವೂ ಹೆಚ್ಚು ಕಡಿಮೆ ಇದೇ. ರಾ ಎಂಬುದು ನೆಗೆಟಿವ್. ಸಂವೇದಕ ಕಂಡ ಬೆಳಕಿನ ಕಚ್ಚಾ ಲೆಕ್ಕ. 1992ರಲ್ಲಿ ಮಾನದಂಡವಾಗಿ ರೂಪುಗೊಂಡ ಜೆಪೆಗ್, ತೊಳೆದು ಕೈಗಿತ್ತ ಚಿತ್ರ. ಬಣ್ಣ, ಬೆಳಕನ್ನು ಕ್ಯಾಮೆರಾವೇ ತೀರ್ಮಾನಿಸಿ, ಉಳಿದ ಮಾಹಿತಿಯನ್ನು ಕೈಬಿಡುತ್ತದೆ. ಸಾಮಾನ್ಯ ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿದ್ದರೆ, 14 ಬಿಟ್‌ನ ರಾ ಕಡತದಲ್ಲಿ 16,384.

ಹಾಗೆಂದು ಜೆಪೆಗ್ ಕೀಳಲ್ಲ. ಮದುವೆಯ ನೂರಾರು ಚಿತ್ರಗಳನ್ನು ಅಂದೇ ಕೊಡಬೇಕಾದವರಿಗೆ ಅದೇ ಅನುಕೂಲ. ಮೆಮೊರಿ ಕಾರ್ಡ್ ಬೇಗ ತುಂಬುವುದಿಲ್ಲ. ಆದರೆ ಸೇಡಂ ತಾಲ್ಲೂಕಿನ ಮಳಖೇಡ ಕೋಟೆಯಂಥ ಸ್ಮಾರಕವನ್ನೋ ಸವೆಯುತ್ತಿರುವ ಶಾಸನವನ್ನೋ ದಾಖಲಿಸುವವರ ಮಾತು ಬೇರೆ. ಉರಿಬಿಸಿಲಿನ ನೆರಳಲ್ಲಿ ಅಡಗಿದ ಅಕ್ಷರವನ್ನು ಮುಂದೆ ಹೊರತೆಗೆಯಲು ರಾ ಹೆಚ್ಚು ಅವಕಾಶ ಕೊಡುತ್ತದೆ. ಕಲ್ಲು ಒಮ್ಮೆ ಉರುಳಿದರೆ ಮತ್ತೆ ಚಿತ್ರ ತೆಗೆಯಲಾಗದು.

ಆದ್ದರಿಂದ ಕ್ಯಾಮೆರಾ ಕೊಳ್ಳುವಾಗ ಮೆಗಾಪಿಕ್ಸೆಲ್ ಎಷ್ಟೆಂದು ಕೇಳಿದರೆ ಸಾಲದು. ಎರಡೂ ಬಗೆಯಲ್ಲಿ ಒಟ್ಟಿಗೆ ಉಳಿಸುವ ಸೌಲಭ್ಯವಿದೆಯೇ ಎಂದೂ ನೋಡಬೇಕು. ಚಿತ್ರ ಇಂದಿಗೆ, ನೆಗೆಟಿವ್ ನಾಳೆಗೆ.